ಮಂಜಿಯ ಹೊಟ್ಟೆಯಲ್ಲಿ ಶಹಾಬಾದ ಕಲ್ಲು

ಮಹಿಬೂಬ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಜಗಳಾಡುತ್ತಿದ್ದೆವು. ಅವನು ಚಿತ್ತಾಪುರದವನು, ನಾನು ಶಹಾಬಾದಿನವನು. ಕೆಲಸ ಬಿಟ್ಟ ಮೇಲೆ ವಾರಕ್ಕೊಮ್ಮೆ ಅವನು ಆ ಕಡೆಯಿಂದ, ನಾನು ಈ ಕಡೆಯಿಂದ ರೈಲು ಹತ್ತಿ ವಾಡಿಗೆ ಬರುತ್ತಿದ್ದೆವು. ಚಹಾ ಕುಡಿದು, ಕಲ್ಲು ತುಂಬಿದ ಗೂಡ್ಸ್ ಗಾಡಿ ಯಾವುದಾದರೂ ಬಂದರೆ ಅದನ್ನು ಯಾರು ಎಷ್ಟು ಕೆಟ್ಟದಾಗಿ ತುಂಬಿದ್ದಾರೆ ಎಂದು ಮಾತಾಡಿ, ಮತ್ತೆ ನಮ್ಮ ನಮ್ಮ ಊರಿಗೆ ಹೋಗುತ್ತಿದ್ದೆವು.

ಅವತ್ತಿನದು ಹಳೆಯ ಜಗಳವೇ. ಹರೆಯದಲ್ಲಿ ನಾವು ಶಹಾಬಾದ ಕಲ್ಲಿನ ಜೊತೆ ಮುಂಬಯಿಯಿಂದ ಮಂಗಳೂರಿನವರೆಗೆ ಮಂಜಿಯಲ್ಲಿ ಹೋಗಿದ್ದೆವು. ಮಂಜಿ ಎಂದರೆ ಹಾಯಿ ಕಟ್ಟಿ ಸರಕು ಸಾಗಿಸುವ ದೊಡ್ಡ ಮರದ ಹಡಗು. ಆ ದಾರಿಯಲ್ಲಿ ಒಂದು ಕಡೆ ಗಾಳಿ ಸತ್ತು ಮಂಜಿ ನಿಂತಲ್ಲೇ ನಿಂತುಬಿಟ್ಟಿತು. ಅದು ಮಾಲವಣದ ಎದುರು ಎಂದು ಅವನು, ವೆಂಗುರ್ಲಾದ ಎದುರು ಎಂದು ನಾನು.

“ನೀ ಕೆಳಗ ಕತ್ತಲದಾಗ ಕಲ್ಲಿನ ಬಾಜೂಕ ಕುಂತಿದ್ದಿ ಭೀಮ್ಯಾ. ನಿನಗ ಯಾವ ಮಾಲವಣ ಕಂಡದ?” ಎಂದ.

“ಗಾಳಿ ನಿಂತಾಗ ಇಳದು ಹೋಗಿ ವೆಂಗುರ್ಲಾದಾಗ ಜ್ವಾಳ ತಂದೀನಿ ಅಂತ ನೀನೇ ಹೇಳಿದ್ದಿ.”

“ಹೇಳಿರಬೇಕು. ನಾ ಭಾಳ ಹೇಳ್ತೀನಿ.”

ಮುಂದಿನ ಸೋಮವಾರ ನಾವಿಬ್ಬರೂ ಸೇಡಂಗೆ ಹೋಗುವುದಿತ್ತು. ಅಲ್ಲಿ ನೆಲಹಾಸು ಕೂಡಿಸುವ ಕೆಲಸ ಕಲಿಸುವ ಒಂದು ಸಣ್ಣ ಕೇಂದ್ರವಿದೆ. ಅದನ್ನು ನೋಡಿಕೊಳ್ಳುವ ರೇಣುಕಾ ಮೇಡಂ ನಮ್ಮನ್ನು ಕರೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಕಲ್ಲಿನ ಕೆಲಸ ಹೇಗಿತ್ತು ಅಂತ ಹೇಳ್ರಿ, ಸಮುದ್ರದ ಕಥೆ ಮಾತ್ರ ಬಿಡಬ್ಯಾಡ್ರಿ ಎಂದಿದ್ದರು. ಮಹಿಬೂಬ ಅವತ್ತೇ ಪಾಲು ಮಾಡಿದ. ಕಾರವಾರದ ತನಕ ತಾನು ಹೇಳುವುದು, ಅಲ್ಲಿಂದ ಮುಂದೆ ನಾನು. ಅವನ ಗಾಡಿ ಮೊದಲು ಬಂತು. ತಡ ಮಾಡಬೇಡ ಎಂದು ನನಗೇ ಹೇಳಿ ಹತ್ತಿದ, ಜೀವಮಾನದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದವನು.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಮಲಗಿದವನು ಏಳಲಿಲ್ಲ.

ಸೇಡಂನ ಕೆಲಸ ಮುಂದಕ್ಕೆ ಹೋಯಿತು. ಈಗ ಮೇಡಂ ಮತ್ತೆ ಕರೆದಿದ್ದಾರೆ, ಒಂದು ದಿನಕ್ಕಲ್ಲ, ವಾರಕ್ಕೆರಡು ಸಲ ಬಂದು ಕಲಿಸಿ ಎಂದು. ಒಪ್ಪಿದ್ದೇನೆ. ಆ ಕೆಲಸ ಹಿಡಿಯುವ ಮೊದಲು ಆ ಪ್ರಯಾಣವನ್ನು ಪೂರ್ತಿ ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಮಹಿಬೂಬನ ಹೆಂಡತಿ ಶಮೀಮ್ ಭಾಬಿಯೂ ಅದನ್ನೇ ಕೇಳಿದ್ದಾರೆ. ನನ್ನ ಅರ್ಧ, ಅವನ ಅರ್ಧ, ಎರಡೂ ಕೂಡಿದರೇ ಅದು ಒಂದು ಪ್ರಯಾಣ.

ಮೊದಲು ಕೆಲಸದ ಮಾತು. ನಮ್ಮ ಕಡೆ ಈ ಕಲ್ಲಿಗೆ ಫರಸಿ ಎನ್ನುತ್ತಾರೆ. ಗಣಿಯಲ್ಲಿ ಅದು ಪದರು ಪದರಾಗಿ ಏಳುತ್ತದೆ. ದೊಡ್ಡ ಫರಸಿಯನ್ನು ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ನಡು ಮುರಿದುಕೊಳ್ಳುತ್ತದೆ. ಆದ್ದರಿಂದ ಅದನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ಹೊರಬೇಕು, ನಿಲ್ಲಿಸಿಯೇ ಇಡಬೇಕು. ಹೊರುವುದಕ್ಕೆ ಇಬ್ಬರು ಬೇಕು. ಈ ಇಬ್ಬರಿಗೆ ಜೋಡಿ ಎನ್ನುತ್ತಿದ್ದರು. ಮುಂದಿನವನು ದಾರಿ ನೋಡಿ ಹೇಳುತ್ತಾನೆ, ಹಿಂದಿನವನಿಗೆ ಕಲ್ಲು ಬಿಟ್ಟು ಏನೂ ಕಾಣುವುದಿಲ್ಲ. ಮಹಿಬೂಬನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ, ಹಾಗಾಗಿ ಅವನು ಮುಂದೆ. ನನಗೆ ಮಾತು ಕಡಿಮೆ, ನಾನು ಹಿಂದೆ. ನಮ್ಮನ್ನು ಜೋಡಿ ಮಾಡಿದವನು ಬಸಣ್ಣ ಮುಕಾದಮ.

ಬಸಣ್ಣ ಮುಕಾದಮ ನಮ್ಮ ಮೇಲಿನವನು. ಕಲ್ಲು ಒಡೆದವನಿಗೆ ಅವನು ಬೈಯುತ್ತಿರಲಿಲ್ಲ. ಚಹಾ ತರಿಸುತ್ತಿದ್ದ. ಒಡೆದ ಕಲ್ಲಿನ ಎದುರಿಗೆ ಕೂಡಿಸಿ, ಪೂರ್ತಿ ಕಪ್ಪು ಮುಗಿಯುವ ತನಕ ತಾನೂ ಬಾಜೂಕ್ಕೆ ಕೂತು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದ. ಬಿಸಿ ಚಹಾ ಅಷ್ಟು ಕಹಿಯಾಗಿ ನಾನು ಬೇರೆಲ್ಲೂ ಕುಡಿದಿಲ್ಲ. ಇವತ್ತು ಮೇಲಿನವರು ಫೋನಿನಲ್ಲಿ ಕೂಗಾಡುವುದನ್ನು ಕೇಳಿದಾಗ, ಬಸಣ್ಣನ ಚಹಾ ಕುಡಿಸಬೇಕಿತ್ತು ಇವರಿಗೆ ಎಂದುಕೊಳ್ಳುತ್ತೇನೆ.

ಮಂಗಳೂರಿನ ಒಬ್ಬ ವ್ಯಾಪಾರಿಯ ಮಂಜಿ ಅಲ್ಲಿಂದ ಹಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿತ್ತು. ಬರುವಾಗ ಹೊಟ್ಟೆ ಖಾಲಿ. ಖಾಲಿ ಮಂಜಿ ನೀರಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲವಂತೆ, ಕೆಳಗೆ ಭಾರ ಬೇಕು. ಸುಮ್ಮನೆ ಮರಳು ತುಂಬುವ ಬದಲು ಮಾರುವಂಥ ಭಾರವನ್ನೇ ಏಕೆ ತುಂಬಬಾರದು ಎಂದು ಅವನು ಫರಸಿ ತರಿಸಿದ. ಶಹಾಬಾದಿನಿಂದ ಮುಂಬಯಿಗೆ ರೈಲು, ಅಲ್ಲಿಂದ ಮಂಜಿ. ಮೊದಲನೆಯ ಸಲ ಬಂದರಿನ ಹಮಾಲರು ಕಲ್ಲನ್ನು ರೊಟ್ಟಿಯ ಹಾಗೆ ಒಂದರ ಮೇಲೊಂದು ಮಲಗಿಸಿದರು. ಮಂಗಳೂರಿನಲ್ಲಿ ಇಳಿಸಿದ್ದು ಚೂರು. ಎರಡನೆಯ ಸಲ ಅವನು, ಕಲ್ಲು ಗೊತ್ತಿರುವ ಇಬ್ಬರನ್ನು ಕಳಿಸಿ ಎಂದ.

ಬಸಣ್ಣ ನಮ್ಮನ್ನು ಕರೆದು, “ಕಲ್ಲು ಇಳಿಯೋ ತನಕ ಕಲ್ಲಿನ ಕೂಡೇ ಇರ್ರಿ” ಎಂದ. ಮುಂಬಯಿಯಲ್ಲಿ ರೈಲಿನಿಂದ ಇಳಿಸಿ, ಮಂಜಿಗೆ ತುಂಬಿಸಿ ವಾಪಸು ಬರುವುದು ಎಂದುಕೊಂಡೆವು. ಮಂಗಳೂರಿನಲ್ಲಿ ಇಳಿಯೋ ತನಕ ಎನ್ನುವುದು ಗೊತ್ತಾಗಿದ್ದು ಮಂಜಿಯ ಮೇಲೆ ನಮಗೂ ಸೇರಿಸಿ ಅಕ್ಕಿ ಅಳೆಯುವುದನ್ನು ನೋಡಿದಾಗ. ಇಬ್ಬರೂ ಸಮುದ್ರ ನೋಡಿದವರಲ್ಲ. ನಾನು ಕಂಡ ದೊಡ್ಡ ನೀರೆಂದರೆ ಕಾಗಿಣಾ ಹೊಳೆ, ಅದೂ ಮಳೆಗಾಲದಲ್ಲಿ.

ಮಂಜಿಯ ಮುಖ್ಯಸ್ಥನಿಗೆ ತಾಂಡೇಲ ಎನ್ನುತ್ತಾರೆ. ನಮ್ಮ ತಾಂಡೇಲ ಹಮ್ಮಬ್ಬ, ಮಂಗಳೂರಿನ ಕಡೆಯ ವಯಸ್ಸಾದ ಮನುಷ್ಯ. ನಾವು ಕಲ್ಲು ತುಂಬುವುದನ್ನು ಅವನು ಬೀಡಿ ಸೇದುತ್ತ ಇಡೀ ದಿನ ನೋಡಿದ. ನಾವು ರೈಲಿನ ಡಬ್ಬಿಗೆ ತುಂಬುವ ಹಾಗೆಯೇ ತುಂಬಿದೆವು. ರೈಲು ಮುಂದಕ್ಕೆ ಹಿಂದಕ್ಕೆ ಜಗ್ಗಾಡುತ್ತದೆ. ಅದಕ್ಕೆ ಕಲ್ಲನ್ನು ಅದರ ಅಂಚು ಹಳಿಯ ಉದ್ದಕ್ಕೆ ಬರುವ ಹಾಗೆ ನಿಲ್ಲಿಸುತ್ತೇವೆ, ಜಗ್ಗಿದರೂ ಬೀಳುವುದಿಲ್ಲ. ನಡುವೆ ಹುಲ್ಲು, ಕೊನೆಗೆ ಮರದ ಬೆಣೆ. ಕೆಲಸ ಮುಗಿದ ಮೇಲೆ ನೋಡಿದರೆ ನಮಗೇ ಸಂತೋಷವಾಗುವಷ್ಟು ಚಂದ ಕೂತಿತ್ತು. ಮಹಿಬೂಬ ಬೆಣೆಗೆ ಮುತ್ತು ಕೊಟ್ಟು ಮೇಲೆ ಬಂದ.

ಬಂದರಿನ ಬಾಯಿ ದಾಟಿದ್ದೇ ತಡ, ಕೆಳಗಿನಿಂದ ಕಟ್, ಕಟ್, ಕಟ್ ಎಂದು ಸದ್ದು ಶುರುವಾಯಿತು. ಮಂಜಿ ರೈಲಲ್ಲ. ಅದು ತೊಟ್ಟಿಲಿನ ಹಾಗೆ ಪಕ್ಕದಿಂದ ಪಕ್ಕಕ್ಕೆ ತೂಗುತ್ತದೆ. ಒಂದೊಂದು ಸಲ ತೂಗಿದಾಗಲೂ ನಮ್ಮ ಕಲ್ಲಿನ ಸಾಲು ಪೂರ್ತಿ ಒಂದು ಕಡೆ ವಾಲಿ ಮತ್ತೆ ಈ ಕಡೆ ವಾಲುತ್ತಿತ್ತು. ನಾನು ಅದನ್ನು ಇಣುಕಿ ನೋಡಿದೆ, ಬೆಳಿಗ್ಗೆ ತಿಂದದ್ದೆಲ್ಲ ಅಲ್ಲೇ ಹೊರಗೆ ಬಂತು.

ಹಮ್ಮಬ್ಬ ಬಂದು ನೋಡಿದ. “ಕಲ್ಲು ನಿಮ್ಮದಲ್ವಾ, ನಿಮಗೆ ಗೊತ್ತುಂಟು ಅಂತ ಎಣಿಸಿದೆ ಮಾರಾಯ್ರೆ” ಎಂದ.

“ಹಡಗ ನಿಮ್ದಲ್ರೀ, ನಿಮಗ ಗೊತ್ತದ ಅಂತ ನಾವ್ ಮಾಡೀವಿ” ಎಂದ ಮಹಿಬೂಬ.

ಕಲ್ಲು ಒಂದೇ ಕಡೆ ಜಾರಿದರೆ ಮಂಜಿಯೂ ಆ ಕಡೆಗೆ ಮಲಗುತ್ತದೆ, ಮಲಗಿದರೆ ಏಳುವುದಿಲ್ಲ ಎಂದು ಹಮ್ಮಬ್ಬ ಹೇಳಿದ. ಇವತ್ತು ಸಾರಿಗೆ ಉಪ್ಪು ಕಡಿಮೆ ಎನ್ನುವ ದನಿಯಲ್ಲಿ ಹೇಳಿದ. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆಯಾಯಿತು. ಹಗ್ಗ ಕಟ್ಟಿ, ಗೋಣಿಚೀಲ ತುರುಕಿ, ಮಹಿಬೂಬ ಮತ್ತು ಮಂಜಿಯ ಜನ ಕಲ್ಲನ್ನು ಒತ್ತಿ ಹಿಡಿದುಕೊಂಡೇ ಜಯಗಡದ ಖಾಡಿಯ ತನಕ ತಂದರು. ನಾನು ಸಹ ಹಿಡಿದಿದ್ದೆ ಎಂದು ಹೇಳಬಹುದು, ಆದರೆ ನಾನು ಹಿಡಿದುಕೊಂಡದ್ದು ಹೆಚ್ಚಾಗಿ ನನ್ನ ಹೊಟ್ಟೆಯನ್ನು. ಖಾಡಿ ಎಂದರೆ ನೆಲದೊಳಗೆ ಚಾಚಿದ ಸಮುದ್ರ, ಅದರೊಳಗೆ ನೀರು ಕೆರೆಯ ಹಾಗೆ ಸುಮ್ಮನಿತ್ತು. ಅಲ್ಲಿ ಲಂಗರು ಹಾಕಿ ಎಲ್ಲ ಕಲ್ಲನ್ನೂ ಎತ್ತಿ, ಮಂಜಿಗೆ ಅಡ್ಡಲಾಗಿ ತಿರುಗಿಸಿ ಮತ್ತೆ ನಿಲ್ಲಿಸಿದೆವು. ಆಮೇಲೆ ಅದು ಎಷ್ಟು ತೂಗಿದರೂ ಕಲ್ಲು ಅಲುಗಲಿಲ್ಲ.

ಸೇಡಂನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಟ್ರಕ್ಕಿರಲಿ, ಟ್ರ್ಯಾಕ್ಟರಿರಲಿ, ಲಿಫ್ಟಿರಲಿ, ಕಲ್ಲು ಇಡುವ ಮೊದಲು ಇದು ಯಾವ ಕಡೆ ಅಲುಗುತ್ತದೆ ಎಂದು ಅದನ್ನು ಓಡಿಸುವವನನ್ನು ಕೇಳಿ. ಅವನು ತಾನಾಗಿ ಹೇಳುವುದಿಲ್ಲ, ನಿಮಗೆ ಗೊತ್ತು ಅಂದುಕೊಂಡಿರುತ್ತಾನೆ.

ಜಯಗಡ ಬಿಟ್ಟ ಮೇಲೆ ಹಮ್ಮಬ್ಬ ಒಂದು ನಿಯಮ ಮಾಡಿದ. ನಮ್ಮಿಬ್ಬರಲ್ಲಿ ಒಬ್ಬ ಯಾವಾಗಲೂ ಕೆಳಗೆ ಕಲ್ಲಿನ ಹತ್ತಿರ ಇರಬೇಕು, ಬೆಣೆ ಸಡಿಲಾದರೆ ಬಡಿಯಬೇಕು. ಇನ್ನೊಬ್ಬ ಮೇಲೆ ಹಾಯಿಯ ಹಗ್ಗಕ್ಕೆ ಕೈಹಾಕಬೇಕು. ನಾನೇ ಕೆಳಗೆ ಹೋಗುತ್ತೇನೆಂದೆ. ಮೇಲೆ ನಿಂತು ಆ ನೀರು ನೋಡಿದರೆ ತಲೆ ತಿರುಗುತ್ತಿತ್ತು. ಕೆಳಗೆ ಕತ್ತಲಲ್ಲಿ ಕಣ್ಣು ಮುಚ್ಚಿ ಫರಸಿಗೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಕೂತರೆ ಹೊಟ್ಟೆ ಸುಮ್ಮನಿರುತ್ತಿತ್ತು. ತಣ್ಣಗಿನ ಕಲ್ಲು, ನಮ್ಮೂರಿನ ವಾಸನೆ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ.

ಹೀಗೆ ಕೊಂಕಣದ ದಂಡೆ ಪೂರ್ತಿ ನನ್ನ ತಲೆಯ ಮೇಲೆಯೇ ಹಾದುಹೋಯಿತು. ನನಗೆ ಬಂದದ್ದು ಮಹಿಬೂಬನ ಬಾಯಿಂದ. ಮೇಲಿನ ಕಿಂಡಿಯಲ್ಲಿ ತಲೆ ಹಾಕಿ ಅವನು ಕೂಗುತ್ತಿದ್ದ. ನೀರೊಳಗ ಕೋಟಿ ಕಟ್ಯಾರ, ಬುರುಜು ಕಾಣಸ್ಲಿಕತ್ಯಾವ. ಕೆಂಪು ಗುಡ್ಡ. ಮೀನು ಹಾರಲಿಕತ್ಯಾವ. ಒಂದು ದಿನ ಆನೆ ಈಜುತ್ತಿದೆ ಎಂದ. ನಾನು ನಂಬಲಿಲ್ಲ. ಅರ್ಧ ಗಂಟೆಯ ನಂತರ ಆನೆ ದಂಡೆಗೆ ಹತ್ತಿತು ಎಂದು ಮತ್ತೆ ಬಂದು ಹೇಳಿದ. ಆಗ ಸ್ವಲ್ಪ ನಂಬಿದೆ.

ಗಾಳಿ ನಿಂತ ಕಡೆ ಅವನು ಸಣ್ಣ ದೋಣಿಯಲ್ಲಿ ದಂಡೆಗೆ ಹೋಗಿ ಜೋಳದ ಹಿಟ್ಟು ತಂದ. ದಿನವೂ ಕುಚ್ಚಲಕ್ಕಿ ಗಂಜಿ, ಮೀನು ತಿಂದು ನಮ್ಮ ನಾಲಿಗೆ ಸತ್ತುಹೋಗಿತ್ತು. ಮಂಜಿಯ ಒಲೆಯ ಮೇಲೆ ರೊಟ್ಟಿ ಬಡಿಯುವಾಗ ಮಂಜಿಯ ಜನರೆಲ್ಲ ಅವನ ಕೈಯನ್ನೇ ನೋಡುತ್ತ ನಿಂತಿದ್ದರಂತೆ. ಈ ಮಾತು ಖರೆ. ರೊಟ್ಟಿ ನಾನೇ ತಿಂದಿದ್ದೇನೆ, ಒಂದು ಬದಿ ಕರಕಾಗಿತ್ತು.

ಕಾರವಾರದಲ್ಲಿ ನೀರು ತುಂಬಿಕೊಳ್ಳಲು ನಿಂತಾಗ ಮಹಿಬೂಬ ಬಂಡೆಯ ಮೇಲೆ ಹಾರಿ ಚಿಪ್ಪಿಗೆ ಅಂಗಾಲು ಕೊಯ್ದುಕೊಂಡ. ಹಮ್ಮಬ್ಬ ಅರಿಶಿನ ತುಂಬಿ ಬಟ್ಟೆ ಕಟ್ಟಿ, ಇನ್ನು ನೀನು ಕೆಳಗೆ, ಅವನು ಮೇಲೆ ಎಂದ. ನಾನು ಹೆದರುತ್ತ ಏಣಿ ಹತ್ತಿದೆ. ಅಷ್ಟು ದಿನದಲ್ಲಿ ಹೊಟ್ಟೆಗೆ ರೂಢಿಯಾಗಿತ್ತೋ ಏನೋ, ವಾಂತಿ ಬರಲಿಲ್ಲ. ನನ್ನ ಅರ್ಧ ಇಲ್ಲಿಂದ ಶುರು.

ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಬರುತ್ತಿತ್ತು, ಅದರಲ್ಲಿ ಒಲೆಯ ಹೊಗೆ, ಸಗಣಿ, ಹಸಿ ಮಣ್ಣಿನ ವಾಸನೆ. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬರುತ್ತಿತ್ತು, ಅದರಲ್ಲಿ ಏನೂ ವಾಸನೆ ಇಲ್ಲ. ಎಣ್ಣೆ ಉಳಿಸಲು ಹಮ್ಮಬ್ಬ ಇಂಜಿನ್ ಹಚ್ಚುತ್ತಿದ್ದದ್ದು ಬಂದರಿಗೆ ಹೋಗುವಾಗ ಬರುವಾಗ ಮಾತ್ರ, ಉಳಿದದ್ದೆಲ್ಲ ಈ ಎರಡು ಗಾಳಿಯ ಕೆಲಸ. ನಮ್ಮ ಕಡೆ ನೆಲ ಎಲ್ಲಿ ನೋಡಿದರೂ ಬಯಲು. ಅಲ್ಲಿ ಗುಡ್ಡಗಳು ದನಗಳ ಹಾಗೆ ಸಾಲಾಗಿ ನೀರಿಗೆ ಬಾಯಿ ಹಾಕಿ ನಿಂತಿದ್ದವು. ಹೊನ್ನಾವರದ ಎದುರು ಹೊಳೆಯ ಕೆಂಪು ನೀರು ಸಮುದ್ರದಲ್ಲಿ ಕೂಡದೆ ಬಹಳ ದೂರದ ತನಕ ಬೇರೆಯಾಗಿಯೇ ಹೋಗುತ್ತಿತ್ತು. ನಾನು ಹಗ್ಗ ಹಿಡಿದು ಅದನ್ನೇ ನೋಡುತ್ತಿದ್ದೆ.

ಕೆಳಗಿನಿಂದ ಮಹಿಬೂಬ ಬೆಣೆ ಬಡಿಯುತ್ತ ಕೂಗುತ್ತಿದ್ದ. “ಏನ್ ಕಾಣಸ್ಲಿಕತ್ತದೋ?”

“ನೀರು.”

“ನಿನ್ನಿನೂ ನೀರೇ ಇತ್ತಲ್ಲೋ.”

“ಇವತ್ತೂ ಅದೇ ಅದ.”

“ನಿನ್ನ ಕಣ್ಣಿಗೆ ಬೆಂಕಿ ಹಚ್ಚಲಿ. ಅಷ್ಟು ದೊಡ್ಡ ಸಮುದ್ರದಾಗ ನಿನಗೊಂದು ಆನೀನೂ ಸಿಗಲಿಲ್ಲೇನು?”

ಮಾತು ಬರುತ್ತಿರಲಿಲ್ಲ ನನಗೆ. ಕಂಡದ್ದನ್ನು ಕೂಗಿ ಹೇಳುವುದು ಹೇಗೆ ಎಂದು ಗೊತ್ತಿರಲಿಲ್ಲ. ಒಂದೇ ಒಂದು ಸಲ ಕೂಗಿದೆ. ಮಲ್ಪೆಯ ಎದುರು ಸಣ್ಣ ನಡುಗಡ್ಡೆಗಳಿವೆ. ಅಲ್ಲಿ ಕರಿ ಕಲ್ಲು ಕಂಬ ಕಂಬವಾಗಿ, ಒಂದಕ್ಕೊಂದು ತಾಗಿಕೊಂಡು, ಯಾರೋ ಎತ್ತಿ ಸಾಲಾಗಿ ಇಟ್ಟ ಹಾಗೆ ನೆಟ್ಟಗೆ ನಿಂತಿವೆ. ನಾನು ಕಿಂಡಿಗೆ ಓಡಿ, “ಮಾಬು, ಇಲ್ಲಿ ಕಲ್ಲು ನಿಂದರ್ಸ್ಯಾರ, ಬಾ” ಎಂದೆ. ಅವನು ಒಂಟಿ ಕಾಲಲ್ಲಿ ಕುಂಟುತ್ತ, ಬೈಯುತ್ತ ಹತ್ತಿ ಬಂದ. ಹಮ್ಮಬ್ಬ ಕೂಗಿಕೊಂಡ, ಕಲ್ಲಿನ ಹತ್ತಿರ ಯಾರೂ ಇಲ್ಲ ಎಂದು. ಮಹಿಬೂಬ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.

“ಇವು ಯಾವ ಜೋಡಿ ನಿಂದರ್ಸಿತೋ” ಎಂದ. “ಒಂದರೆ ಒಡದಿಲ್ಲ ನೋಡು.”

ಮತ್ತೆ ಕೆಳಗೆ ಹೋದ. ಜಯಗಡ ಬಿಟ್ಟ ಮೇಲೆ, ನಡು ಸಮುದ್ರದಲ್ಲಿ ನಾವಿಬ್ಬರೂ ಕೂಡಿ ನಿಂತು ನೋಡಿದ್ದು ಅದೊಂದೇ.

ಮಂಗಳೂರಿನಲ್ಲಿ ವ್ಯಾಪಾರಿ ತಾನೇ ಇಳಿದು ಒಂದೊಂದು ಕಲ್ಲಿಗೂ ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿದ. ಒಡೆದದ್ದು ಸ್ವಲ್ಪವೇ, ಅದೂ ಮೊದಲ ದಿನದ್ದು. ಅದರಲ್ಲಿ ದೊಡ್ಡ ಚೂರೊಂದನ್ನು ಹಮ್ಮಬ್ಬ ಬಟ್ಟೆ ಒಗೆಯುವುದಕ್ಕೆ ಎಂದು ಮನೆಗೆ ಒಯ್ದ. ನಾವು ರೈಲಿನಲ್ಲಿ ಊರಿಗೆ ಬಂದೆವು. ರೈಲಿನಲ್ಲಿ ಇಬ್ಬರಿಗೂ ನಿದ್ದೆ ಬರಲಿಲ್ಲ, ಪಕ್ಕಕ್ಕೆ ತೂಗುವುದಿಲ್ಲವಲ್ಲ. ಬಸಣ್ಣ ನಮ್ಮ ಕಥೆಯೆಲ್ಲ ಕೇಳಿ, ಮೊದಲ ದಿನದ ಕಲ್ಲು ಎಷ್ಟು ಒಡೆದವು ಎಂದಷ್ಟೇ ಕೇಳಿ ಚಹಾ ತರಿಸಿದ.

ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಲಾರಿ ಹೆಚ್ಚಾದವು, ಮಂಜಿಗೆ ಕಲ್ಲು ಹೋಗುವುದು ನಿಂತಿತು. ಆಮೇಲೆ ಕೊರೆಯುವ ಯಂತ್ರ ಬಂತು, ಪಾಲಿಶ್ ಯಂತ್ರ ಬಂತು. ನಂತರ ಡಬ್ಬಿಯಲ್ಲಿ ಬರುವ ಹೊಳೆಯುವ ಟೈಲ್ಸು. ಅದನ್ನು ಒಬ್ಬನೇ ಬಗಲಲ್ಲಿ ಇಟ್ಟುಕೊಂಡು ಹೋಗಬಹುದು. ಜೋಡಿ ಎನ್ನುವ ಮಾತು ಈಗಿನವರಿಗೆ ಗೊತ್ತಿಲ್ಲ. ನಾನು ಬೇಸರದಿಂದ ಹೇಳುತ್ತಿಲ್ಲ. ನಮ್ಮ ಬೆನ್ನು ಹೋದ ಹಾಗೆ ಇವರ ಬೆನ್ನು ಹೋಗುವುದು ಬೇಡ. ಮುಧೋಳದಲ್ಲಿ ಒಂದು ಮನೆಯ ಪಡಸಾಲೆಗೆ ಕೂಡಿಸಿದ್ದೇ ನಮ್ಮಿಬ್ಬರ ಕೊನೆಯ ಫರಸಿ. ಅಲ್ಲಿಯೂ ಮಹಿಬೂಬ ಮನೆಯವರಿಗೆ ಆನೆ ಈಜಿದ್ದನ್ನು ಹೇಳಿದ, ನಾನು ಗಾರೆ ಕಲಸಿದೆ.

ಅವನು ಆ ಪ್ರಯಾಣದ ಕಥೆ ಹೇಳದ ಮದುವೆ, ಹೇಳದ ಚಹಾದಂಗಡಿ ಇರಲಿಲ್ಲ. ಹೇಳಿದಂತೆಲ್ಲ ಬೆಳೆಯುತ್ತಿತ್ತು. ನನ್ನ ಅರ್ಧವನ್ನೂ ಅವನೇ ಹೇಳುತ್ತಿದ್ದ. ನಾನು ಕಂಡೇ ಇಲ್ಲದ ತಿಮಿಂಗಿಲ ಅಲ್ಲಿ ನನಗೆ ಸಲಾಮು ಮಾಡುತ್ತಿತ್ತು. ಅದನ್ನು ನಾನು ಅಲ್ಲಗಳೆದರೆ ಜನ ಇನ್ನೂ ನಗುತ್ತಿದ್ದರು. ಅವನ ಅರ್ಧವನ್ನು ಅಲ್ಲಗಳೆಯುವವರೇ ಇರಲಿಲ್ಲ.

ಅವನ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಚಿತ್ತಾಪುರದ ಅವರ ಮನೆಯಲ್ಲಿ ಶಮೀಮ್ ಭಾಬಿ ನನ್ನ ಎದುರಿಗೆ ಬಂದು ಕುಳಿತರು.

“ಭೈಯಾ, ಆ ನೀರಾಗಿನ ಕೋಟಿ ಖರೇ ಇತ್ತೇನ್ರಿ?”

“ಕೋಟಿ ಖರೇ ಅದ ಭಾಬಿ. ಇವತ್ತಿಗೂ ಅದ ಅಂತಾರ.”

“ಅದರ ಮ್ಯಾಲ ದೀಪ ಹಿಡ್ಕೊಂಡು ನಿಂತಾಕಿ?”

ಆಕೆಯನ್ನು ನಾನು ಕೇಳಿದ್ದು ಮಂಜಿಯಲ್ಲಲ್ಲ, ಮದುವೆಮನೆಗಳಲ್ಲಿ. ಭಾಬಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

“ನಮ್ಮ ಮದಿವ್ಯಾದ ಹೊಸದಾಗ ನನಗ ಹೇಳೂವಾಗ ಆಕಿ ಮುದುಕಿ ಇದ್ಳು. ಚಿಂಚೋಳಿ ಮದಿವ್ಯಾಗ ಹೇಳೂವಾಗ ಹರೇದಾಕಿ ಆಗಿದ್ಳು. ನಾ ಅವತ್ತು ಮನಿಗಿ ಬಂದು ಮಾತೇ ಬಿಟ್ಟಿದ್ದೆ. ಯಾವದು ಖರೇ ಅದನ್ನ ಬರದು ಕೊಡ್ರಿ ಭೈಯಾ. ಉಳದಿದ್ದೆಲ್ಲ ನಮಗ ಬಾಯಿಪಾಠ ಅದ.”

ಬರೆದು ಕೊಡುತ್ತೇನೆಂದು ಹೇಳಿ ಬಂದೆ. ಮಾತು ಕೊಟ್ಟಾಗ ಅದು ಸುಲಭವೆನಿಸಿತ್ತು. ಅವನ ಜೊತೆ ಅಷ್ಟು ವರ್ಷ ಇದ್ದವನು, ಅಷ್ಟು ಸಲ ಕೇಳಿದವನು. ಆದರೆ ಬರೆಯಲು ಕೂತರೆ ಒಂದೊಂದು ಜಾಗಕ್ಕೂ ನಾಲ್ಕು ನಾಲ್ಕು ಕಥೆ ಬರುತ್ತವೆ, ನಾಲ್ಕೂ ಅವನ ದನಿಯಲ್ಲೇ ಬರುತ್ತವೆ. ನಾನು ಒಮ್ಮೆಯೂ ಅವನನ್ನು ಒಂಟಿಯಾಗಿ ಕೂಡಿಸಿಕೊಂಡು, ನಗದೆ, ಮೇಲೆ ನಿಜವಾಗಿ ಏನು ಕಂಡೆ ಎಂದು ಕೇಳಲಿಲ್ಲ. ವಾಡಿಯ ಬೆಂಚು ಇತ್ತು, ಚಹಾ ಇತ್ತು, ಕೇಳಬಹುದಿತ್ತು. ಊರಿನ ಹೆಸರಿಗಾಗಿ ಜಗಳಾಡುವುದರಲ್ಲೇ ನಮಗೆ ಖುಷಿ ಇತ್ತು.

ಮಗಳು ಮೊಬೈಲಿನಲ್ಲಿ ಆ ದಂಡೆಯ ನಕಾಶೆ ತೆಗೆದು ತೋರಿಸಿದಳು. ರತ್ನಾಗಿರಿ, ವಿಜಯದುರ್ಗ, ಮಾಲವಣ, ವೆಂಗುರ್ಲಾ, ಗೋವಾ, ಎಲ್ಲ ಸಾಲಾಗಿ ಇವೆ. ಕೋಟೆಯ ಫೋಟೋ ಕೂಡ ಇದೆ. ಫೋಟೋ ಯಾರು ಬೇಕಾದರೂ ತೆಗೆದಿರಬಹುದು. ಅವತ್ತು, ಆ ಮಂಜಿಯ ಮೇಲೆ ನಿಂತು, ಸಮುದ್ರ ಮೊದಲ ಸಲ ನೋಡುತ್ತಿದ್ದ ಚಿತ್ತಾಪುರದ ಮನುಷ್ಯನಿಗೆ ಏನು ಕಂಡಿತು ಎನ್ನುವುದು ಅದರಲ್ಲಿಲ್ಲ. ಹಾಗಾಗಿ ನಾನು ಕಂಡದ್ದನ್ನು, ತಿಂದದ್ದನ್ನು, ಕಿಂಡಿಯಿಂದ ಕೇಳಿದ್ದನ್ನು ಮಾತ್ರ ಬರೆದಿದ್ದೇನೆ. ಬರುವ ಸೋಮವಾರ ಸೇಡಂಗೆ ಒಬ್ಬನೇ ಹೋಗಿ ಇಷ್ಟನ್ನೇ ಹೇಳುತ್ತೇನೆ.

ಜಯಗಡದಿಂದ ಕಾರವಾರದವರೆಗಿನ ಸಮುದ್ರ ಇದರಲ್ಲಿ ಇಲ್ಲ. ಅದನ್ನು ನೋಡಿದವನು ಮಹಿಬೂಬ.